ಯಾರೂ ಒಯ್ಯಲಾರದ ಕ್ಯಾಸೆಟ್ಟು

ಸಿಂದಗಿ ಬಸ್‌ಸ್ಟ್ಯಾಂಡಿನ್ಯಾಗ ಇಳದು, "ಇಂಗ್ಲಿಷ್ ಹಾಡಿನ ಹುಚ್ಚನ ಮನಿ ಎಲ್ಲೈತ್ರಿ?" ಅಂತ ಕೇಳಿ ನೋಡ್ರಿ. ಮಂದಿ ಮಾತು ಬಿಡ್ರಿ, ದಾರಿಗೆ ಅಡ್ಡ ಮಲಗಿದ ಎಮ್ಮಿ ಸುದ್ದಾ ಎದ್ದು ನಮ್ಮ ಓಣಿ ಕಡೆ ಕೋಡು ತೋರಿಸ್ತೈತಿ! ಆ ಹುಚ್ಚ ಬ್ಯಾರೆ ಯಾರೂ ಅಲ್ಲ, ನನ್ನ ಬೆನ್ನಿಗೆ ಬಿದ್ದ ತಮ್ಮ. ಅವಗ ಇಂಗ್ಲಿಷ್ ಬರ್ತೈತೇನು ಅಂತ ಮಾತ್ರ ಕೇಳಬ್ಯಾಡ್ರಿ. ಎ ಅಕ್ಷರ ಅವಗ ಏಣಿ ಕಂಡಂಗ ಕಾಣ್ತೈತಿ, ಬಿ ಅಕ್ಷರ ದಿನ ತುಂಬಿದ ಬಸರಿ ಕಂಡಂಗ. ನಾನೂ ಏನು ಭಾಳ ಶಾಣ್ಯಾಕಿ ಅಲ್ಲ, ಮೂರನೇತ್ತಕ್ಕ ಸಾಲಿ ಬಿಟ್ಟಾಕಿ. ಇಷ್ಟು ವರ್ಷಕ್ಕ ಪೆನ್ನು ಹಿಡದು ಬರಿಯಾಕ ಕುಂತೇನಿ ಅಂದ್ರ ಅದಕ್ಕೊಂದು ಕಾರಣ ಐತಿ. ನನಗ ಮೊಮ್ಮಗಳು ಹುಟ್ಯಾಳ್ರೀ! ಮಗಳ ಮಗಳು! ಈ ಸುದ್ದಿ ಹೇಳಲಾರದ ನನಗ ಸಂತ್ಯಾಗ ಒಂದು ಸಿವುಡು ಕೊತಂಬ್ರಿ ಸುದ್ದಾ ತಗೊಳ್ಳಾಕ ಆಗವಲ್ದು. ಕೊತಂಬ್ರಿ ಮಾರಾಕಿ ನನ್ನ ಕಂಡಕೂಡಲೇ, "ಹೌದವ್ವಾ, ಹುಟ್ಯಾಳ, ಬೆಳ್ಳಗ ಅದಾಳ, ಮುಂದಿನ ಮಾತು ಹೇಳು" ಅಂತಾಳ!

ಆದ್ರ ಮೊಮ್ಮಗಳ ಮಾತು ಹೇಳಬೇಕಂದ್ರ ಮೊದಲ ತಮ್ಮನ ಮಾತು ಹೇಳಬೇಕು. ಯಾಕ ಅನ್ನೂದು ಕಡೀಕ ತಿಳೀತೈತಿ.

ನನ್ನ ತಮ್ಮ ಬಸ್‌ಸ್ಟ್ಯಾಂಡಿನ ಎದುರು ಕ್ಯಾಸೆಟ್ ಅಂಗಡಿ ಇಟ್ಟಿದ್ದ. ಭಜನಿ ಪದ, ಡೊಳ್ಳಿನ ಪದ, ಸಿನಿಮಾ ಹಾಡು, ನಾಟಕದ ಹಾಡು, ಎಲ್ಲಾ ಬಿಸಿ ಮಿರ್ಚಿಯಂಗ ಹೋಗ್ತಿದ್ವು. ಖರೇ, ವಿಜಯಪುರದಿಂದ ಮಾಲು ಕೊಡೋ ಸಾವಕಾರ ಭಾಳ ಹುಷಾರಿ. ಬದನಿಕಾಯಿ ಮಾರಾಕಿ ತೂಕದಾಗ ಎರಡು ಹುಳುಕು ಸೇರಿಸ್ತಾಳಲ್ಲ, ಹಂಗ ಭಜನಿ ಪದದ ಡಬ್ಬಿ ಜೋಡಿ ನಾಕು ಇಂಗ್ಲಿಷ್ ಕ್ಯಾಸೆಟ್ ತುರುಕಿ ಕಳಸ್ತಿದ್ದ. ಅವನ್ನ ಯಾರು ಒಯ್ಯಬೇಕು? ಗಿರಾಕಿ ಬರ್ತಿದ್ರು, ಕವರು ತಿರುಗಿಸಿ ನೋಡ್ತಿದ್ರು, ಅದರ ಮ್ಯಾಲ ಉದ್ದ ಕೂದಲಾ ಬಿಟ್ಟ ಗಂಡಸರನ್ನ ಕಂಡು, "ಇವರು ಯಾವ ಮಠದವರ‍್ರಿ?" ಅಂತ ಕೇಳಿ ಕೈಮುಗದು ಹೋಗ್ತಿದ್ರು!

ತಮ್ಮಗ ಸಂಕಟ ಆತು. "ಅಕ್ಕಾ, ಪಾಪ ಅಷ್ಟು ದೂರದಿಂದ ಬಂದಾರ. ಗಂಟಲ ಹರಕೊಂಡು ಒದರ‍್ಯಾರ. ಒಬ್ಬರರ ಕೇಳಬೇಕಲ್ಲ?" ಅಂದ. ಹಂಗಂತ ಕರುಣಾ ಬಂದು ಕೇಳಾಕ ಸುರು ಮಾಡಿದ. ಕರುಣಾ ಹೋಗಿ ಚಟ ಆತು. ಬ್ಯಾರೆಯವರು ಚಟ ಹೆಂಗ ಹತ್ತೀತು ಅಂದ್ರ ಗೆಳ್ಯಾರ ಹೆಸರು ಹೇಳ್ತಾರ. ನನ್ನ ತಮ್ಮ ದಯಾಧರ್ಮದ ಹೆಸರು ಹೇಳ್ತಾನ!

ಓದಾಕ ಬರೂದಿಲ್ಲಲ್ಲ, ಅದಕ್ಕ ಕವರಿನ ಚಿತ್ರ ನೋಡಿ, ಇಲ್ಲಾ ಹಾಡಿನ ಸಪ್ಪಳ ಕೇಳಿ ತಾನ ಹೆಸರಿಟ್ಟ. ಒಂದರ ಹೆಸರು 'ಒಂಟಿ ಚಪ್ಪಲಿ'. ಖಾಲಿ ರಸ್ತಾದಾಗ ಒಂದ ಚಪ್ಪಲಿ ಬಿದ್ದ ಚಿತ್ರ ಐತಿ. ಒಳಗ ಒಬ್ಬ ಗಂಡಸು ಗಿಟಾರು ಹಿಡಕೊಂಡು ಎಳದೆಳದು ಹಾಡ್ತಾನ. ತಮ್ಮ ಅದಕ್ಕ ಅರ್ಥ ಹೇಳ್ತಿದ್ದ: "ಇಂವ ಕಡೀ ಬಸ್ ತಪ್ಪಿಸಿಕೊಂಡಾನ ಅಕ್ಕಾ. ಸಿಟ್ಟಿಗೆದ್ದಿಲ್ಲ. ನಡಕೋತ ಹೊಂಟಾನ." ನಾನು ಇಂಡಿಯಿಂದ ಬರುವಾಗ ಒಮ್ಮೆ ಕಡೀ ಬಸ್ ತಪ್ಪಿಸಿಕೊಂಡು ಒದರಾಡಿದ್ದೆ. ಆವಾಗ ಈ ಹಾಡು ಗೊತ್ತಿದ್ರ ಛಲೋ ಆಗ್ತಿತ್ತು ಅಂತ ಈಗ ಅನಸ್ತೈತಿ.

ಇನ್ನೊಂದು 'ಭಾಂಡೆ ಸಂತಿ'. ಹೆಸರಿಗೆ ತಕ್ಕಂಗ, ಅಡಿಗಿಮನಿ ಅಟ್ಟ ಮುರದು ಭಾಂಡೆ ಎಲ್ಲಾ ಉಳ್ಳಾಡಿದಂಗ ಸಪ್ಪಳ! ಒಬ್ಬಾಕಿ ಹೆಣ್ಮಗಳು ಒದರ‍್ತಾಳ. ಒಂದೊಂದು ಹಾಡು ಹಾಲು ಉಕ್ಕೂದ್ರೊಳಗ ಮುಗೀತೈತಿ. ಕಡೀ ಹಾಡಿನ ನಡುವ ಮಾತ್ರ ಡ್ರಮ್ಮು, ಗಿಟಾರು ಎಲ್ಲಾ ಗಪ್ಪ ಆಗ್ತಾವ. ಆ ಹೆಣ್ಮಗಳು ಖೊಕ್ ಅಂತ ಒಮ್ಮೆ ಕೆಮ್ಮತಾಳ. ಮತ್ತ ಭಾಂಡೆ ಉಳ್ಳಾಡ್ತಾವ. ಆ ಕೆಮ್ಮಿನ ಮ್ಯಾಲ ನನ್ನ ತಮ್ಮನ ಜೀವ.

"ದೊಡ್ಡ ಹೆಸರಿನ ಮಂದಿ ಆಗಿದ್ರ ಕೆಮ್ಮು ತಗದು ಒರಸಿ ಕೊಡ್ತಿದ್ರು ಅಕ್ಕಾ. ಇಕಿ ಇದ್ದಂಗ ಇಟ್ಟಾಳ. ಯಾರೂ ಒಯ್ಯಲಾರದ ಕ್ಯಾಸೆಟ್ಟಿನ್ಯಾಗ ಮನಷ್ಯಾರು ಇರ್ತಾರ ನೋಡು" ಅಂತಿದ್ದ. ಪ್ರತಿ ಸಲ ಆ ಜಾಗ ಬಂತಂದ್ರ ಸಾಕು, ಅಂವ ಟೇಪಿನ ಕಡೆ ಬಗ್ಗಿ, "ನೀರು ಕುಡಿ ತಂಗಿ" ಅಂತಿದ್ದ. ಒಮ್ಮೆನೂ ತಪ್ಪಿಸಲಿಲ್ಲ!

ನನ್ನ ಮಗಳು ಬಿ.ಎ. ಕಲ್ತಾಕಿ. "ಮಾಮಾ, ಒಂದಕ್ಕ ರಾಕ್ ಅಂತಾರ, ಇನ್ನೊಂದಕ್ಕ ಪಂಕ್ ಅಂತಾರ. ಖರೇ ಹೆಸರು ಕವರಿನ ಮ್ಯಾಲ ಐತಿ, ಓದಿ ಹೇಳ್ಲೇನು?" ಅಂದ್ಲು.

"ಬ್ಯಾಡವ್ವಾ. ಬಸವಣ್ಣನ ಸೀಮ್ಯಾಗ ಹುಟ್ಟಿ ಬಂದವರ ಕುಲ ಕೇಳಬಾರದು" ಅಂದ!

ಇಂಥವಗ ಯಾರು ಹೆಣ್ಣು ಕೊಡ್ತಾರ ಹೇಳ್ರಿ? ಒಮ್ಮೆ ಇಂಡಿ ಕಡೆ ಹೆಣ್ಣು ನೋಡಾಕ ಹೋಗಿದ್ವಿ. ಹುಡುಗಿ ಭಾಳ ಚಂದ ಒಂದು ದೇವರ ಹಾಡು ಹಾಡಿದ್ಲು. ನಮ್ಮವ್ವ ಖುಷಿಯಾಗಿ ಎಲಿ ಅಡಿಕಿಗೆ ಕೈ ಚಾಚಾಕ ಹತ್ತಿದ್ಲು. ಅಷ್ಟರಾಗ ಇಂವ, "ಹಾಡು ಆತು, ಒದರಾಕ ಬರ್ತೈತೇನು?" ಅಂತ ಕೇಳಿಬಿಟ್ಟ! ಹುಡುಗಿ ಅಪ್ಪ ಬಿಳಚಿಕೊಂಡು, "ನಮ್ಮ ಹುಡುಗಿ ಭಾಳ ಮೆತ್ತನಾಕಿರಿ, ಇವತ್ತಿನ ತನಕ ಒದರಿಲ್ರಿ" ಅಂದ. ನಾವು ಎದ್ದು ಬಂದ್ವಿ. ಎಬ್ಬಿಸಿ ಕಳಿಸಿದ್ರು ಅಂದ್ರೂ ನಡೀತೈತಿ. ಆಮ್ಯಾಲ ಅಂವ ಮದಿವಿ ಮಾತು ಎತ್ತಲಿಲ್ಲ. ಮುಂದ ಅಂಗಡಿ ಮುಚ್ಚಿದ ಮ್ಯಾಲೂ ನಮ್ಮನಿ ಪಡಸಾಲ್ಯಾಗ, ಟೇಪಿನ ಬಾಜೂಕ, ಕಾಯಂ ಉಳಕೊಂಡ.

ಹಿಂಗ ನಡದಿತ್ತು. ಹೋದ ವರ್ಷ ಒಂದಿನ 'ಭಾಂಡೆ ಸಂತಿ' ಹಚ್ಚಿದ್ದ. ಹೆಣ್ಮಗಳು ಕೆಮ್ಮಿ, ಮತ್ತ ಒದರಿ, ಹಾಡು ಮುಗದು, ಕ್ಯಾಸೆಟ್ಟು ಖಟ್ ಅಂತ ನಿಂತ ಮ್ಯಾಲ ನನ್ನ ತಮ್ಮ ಟೇಪಿನ ಕಡೆ ಬಗ್ಗಿ, "ನೀರು ಕುಡಿ ತಂಗಿ" ಅಂದ.

ಆಕಿ ಕೆಮ್ಮಿ ಭಾಳ ಹೊತ್ತಾಗಿತ್ತು.

ಅವನ ಕಿವಿ ಹೊಂಟಿದ್ವು. ಅಂವ ಎಲ್ಲಿ ಒಪ್ಪತಾನ? "ಕ್ಯಾಸೆಟ್ಟು ಸವದಾವ ಅಕ್ಕಾ" ಅಂತಿದ್ದ. ಡಾಕ್ಟರು ಕಿವಿಗೆ ಮಷೀನು ಕೊಟ್ರು. ಎದುರು ಕುಂತು ಮಾತಾಡಿದ್ರ ಮಾತು ತಿಳೀತಿತ್ತು, ಹಾಡು ಮಾತ್ರ ಹಂಚಿನ ಮ್ಯಾಲ ಉಗುರು ಕೆರದಂಗ ಕೇಳತೈತಿ ಅಂದು ಹಾಡಿನ ಹೊತ್ತಿಗೆ ತಗದಿಡ್ತಿದ್ದ. ಕಡೀಕ ಒಂದಿನ ತಾನಾಗೇ ಬಾಯಿ ಬಿಟ್ಟ.

"ಕಿವಿ ಹೋದ್ರ ಹೋಗಲಿ ಅಕ್ಕಾ, ನನಗ ಅದರ ಚಿಂತಿ ಇಲ್ಲ. ಇವನ್ನ ಕೇಳಾಂವ ನಾನೊಬ್ಬನ ಇದ್ದೆ. ನಾ ಕೇಳೂದು ಬಿಟ್ರ ಇವನ್ನ ಕೇಳಾವ್ರು ಯಾರು?"

ಹೆಣ್ಣಿಗೆ ಗಂಡು ಹುಡಿಕಿದಂಗ, ಕ್ಯಾಸೆಟ್ಟಿಗೆ ಮನಿ ಹುಡಕಾಕ ಹೊಂಟ! ಕೈಚೀಲದಾಗ ಕ್ಯಾಸೆಟ್ಟು, ಹೆಗಲಿಗೆ ಟವಲ್ಲು, ಸಿಕ್ಕ ಬಸ್ ಹತ್ತಿ ಬೀಗರು ಬಿಜ್ಜರ ಊರು ತಿರಗಿದ.

ಮೊದಲ ಮುದ್ದೇಬಿಹಾಳ. ಅಲ್ಲಿ ನಮ್ಮ ದೊಡ್ಡಕ್ಕನ ಮಗ ಇರ್ತಾನ. ಕೈಯಾಗ ರೊಟ್ಟಿ ಹಂಚಿನಷ್ಟು ದೊಡ್ಡ ಮೊಬೈಲು. "ಮಾಮಾ, ಈಗ ಕ್ಯಾಸೆಟ್ಟು ಯಾರು ಇಟಗೋತಾರ? ಎಲ್ಲಾ ಇದರಾಗ ಸಿಗ್ತಾವ. ಹಾಡಿನ ಹೆಸರು ಹೇಳು" ಅಂದ.

"ಒಂಟಿ ಚಪ್ಪಲಿ" ಅಂದ ತಮ್ಮ.

ಅಂವ ಹುಡುಕಿದ. ಮೊಬೈಲು ಚಪ್ಪಲಿ ತೋರಿಸ್ತು. ಗಂಡಸರ ಚಪ್ಪಲಿ, ಹೆಂಗಸರ ಚಪ್ಪಲಿ, ಕೂಸಿನ ಚಪ್ಪಲಿ! ಅವತ್ತಿನಿಂದ ಆ ಹುಡುಗ ಮೊಬೈಲು ತಗದ್ರ ಸಾಕು, ಚಪ್ಪಲಿ ತಗೋ ತಗೋ ಅಂತ ಬೆನ್ನು ಹತ್ತೇತಂತ. "ಮಾಮಾ, ನಿನ್ನ ಕೈಮುಗೀತೇನಿ, ಇನ್ನೊಂದರ ಹೆಸರು ಹೇಳಬ್ಯಾಡ" ಅಂದು ಬಸ್ ಹತ್ತಿಸಿ ಕಳಿಸ್ಯಾನ.

ಆಮ್ಯಾಲ ಮಸೂತಿ ಅನ್ನೂ ಊರು. ಅಲ್ಲಿ ನಮ್ಮ ಕಾಕಾನ ಮಗ ಒಕ್ಕಲುತನ ಮಾಡ್ತಾನ. ಅಂವ ಮಾತ್ರ ಕೈಚೀಲ ಕಂಡಕೂಡಲೇ ಮುಖ ಅರಳಿಸಿ, "ತಾರೋ ಅಣ್ಣಾ, ನನಗ ಹೊಲದಾಗ ಇವು ಬೇಕಾಗ್ಯಾವ" ಅಂದ. ನನ್ನ ತಮ್ಮ 'ಒಂಟಿ ಚಪ್ಪಲಿ' ಕೊಟ್ಟು, ಮಗಳನ್ನ ಛಲೋ ಮನಿಗೆ ಕೊಟ್ಟಂಗ ನಕ್ಕೋತ ಬಂದ. "ಹೊಲದಾಗ ಕುಂತು ಕೇಳ್ತಾನಂತ ಅಕ್ಕಾ!" ಅಂತ ಓಣಿ ತುಂಬ ಹೇಳಿದ.

ಜ್ವಾಳ ಹಾಲುಗಾಳಾದಾಗ ಎಳಿ ತೆನಿ ಸುಟ್ಟ ಸೀತನಿ ತಿನ್ನಾಕ ಬರ್ರಿ ಅಂತ ಆ ಕಾಕಾನ ಮಗ ಕರದ. ನಾನೂ ತಮ್ಮನೂ ಹೋದ್ವಿ. ಹೋಗಿ ನೋಡ್ತೇವಿ, ಹೊಲದ ಈ ಬದುವಿನಿಂದ ಆ ಬದುವಿನ ತನಕ ಕ್ಯಾಸೆಟ್ಟಿನ ರೀಲು ಎಳದು ಕಟ್ಯಾನ! ಬಿಸಲಿಗೆ ಥಳಾಥಳಾ ಹೊಳ್ಯಾಕತ್ತೈತಿ. ಹಕ್ಕಿ ಬೆದರಾಕ ನಮ್ಮ ಕಡೆ ಹಿಂಗ ಕಟ್ಟೂದು ಹೊಸಾದೇನಲ್ಲ. ಆದ್ರ ಈ ರೀಲು ಕಟ್ಟೂದಂದ್ರ!

ಕಾಕಾನ ಮಗ ಹಲ್ಲು ಕಿಸದು, "ಭಾಳ ಗಟ್ಟಿ ರೀಲು ಅಣ್ಣಾ! ಒಂದು ಹಕ್ಕಿ ಈ ಕಡೆ ಹಾಯ್ದಿಲ್ಲ ನೋಡು" ಅಂದ.

"ಇದನ್ನ ಯಾರೂ ಕೇಳೂದಿಲ್ಲ ಅಂತ ನಾ ಮೊದಲ ಹೇಳಿದ್ನಲ್ಲೋ. ಹಕ್ಕಿ ಸುದ್ದಾ ಕೇಳವಲ್ವು" ಅಂದ ತಮ್ಮ. ಸಿಟ್ಟಾಗಲಿಲ್ಲ. ಗಾಳಿಗೆ ರೀಲು ಗುಂಯ್ ಅನ್ನಾಕತ್ತಿತ್ತು. ಅವಗ ಅದು ಕೇಳಸೂದಿಲ್ಲ. ರೀಲಿನ ಮ್ಯಾಲ ಒಂದು ಬೆರಳು ಇಟ್ಟ. "ನಡಗಾಕತ್ತೈತಿ ಅಕ್ಕಾ. ಹಾಡ್ತೈತಿ ಇನ್ನಾ" ಅಂದ.

ಸುಗ್ಗಿ ಆದ ಮ್ಯಾಲ ಹೋಗಿ ರೀಲು ಬಿಚ್ಚಿಕೊಂಡು ಬಂದ. ಪೆನ್ಸಿಲ್ ತೂರಿಸಿ ತಿರಗಿಸಿ ತಿರಗಿಸಿ, ಅಂಟಿದ್ದ ಜ್ವಾಳದ ಒಣ ರವದಿ ಚೂರು ಸಹಿತ ಒಳಗ ಸುತ್ತಿದ. ಈಗ ಎರಡನೇ ಹಾಡಿನ್ಯಾಗ ಚರಪರ ಚರಪರ ಸಪ್ಪಳ ಬರ್ತೈತಿ. ನಾನ ಕೇಳಿ ಅವನ ಮುಖದ ಮುಂದ ಜೋರಾಗಿ ಹೇಳಿದೆ. ಅವಗ ಭಾಳ ಖುಷಿ ಆತು. "ಹಂಗಾರ ಬಸ್ ತಪ್ಪಿಸಿಕೊಂಡಾಂವ ಈಗ ಜ್ವಾಳದ ಹೊಲದಾಗ ಹಾದು ಹೊಂಟಾನ!"

ಇಷ್ಟರಾಗ ನನ್ನ ಮಗಳು ಚೊಚ್ಚಲ ಬಾಣಂತನಕ್ಕ ನಮ್ಮನಿಗೆ ಬಂದ್ಲು. ನಾನು ರೊಟ್ಟಿ ಬಡಿಯೂ ಮುಂದ 'ಭಾಂಡೆ ಸಂತಿ' ಹಚ್ಚಂತ ತಮ್ಮಗ ಹೇಳ್ತಿದ್ದೆ. ಕಿವಿ ಇಲ್ಲದಾಂವಗ ಅದೊಂದು ಕೆಲಸ ಕೊಟ್ಟಂಗ ಆಗ್ತಿತ್ತು. ಖರೇ ಹೇಳ್ತೇನಿ, ಆ ಡ್ರಮ್ಮಿಗೆ ರೊಟ್ಟಿ ಬಡದು ನೋಡ್ರಿ! ರೊಟ್ಟಿ ತಾನಾಗೇ ತಿರಗಿ ತಿರಗಿ ಹಪ್ಪಳದಂಗ ತೆಳ್ಳಗ ಆಗ್ತೈತಿ. ಮಗಳು ಒಲಿ ಮುಂದ ಹೊಟ್ಟಿ ಹಿಡಕೊಂಡು ಕುಂತು, "ಅವ್ವಾ, ಒಳಗ ಇದೂ ಬಡ್ಯಾಕತ್ತೈತಿ" ಅಂತ ನಗ್ತಿದ್ಲು.

ಕೂಸು ಹುಟ್ಟಿತು. ನನ್ನ ಬಂಗಾರ! ತೊಟ್ಟಿಲಾಗ ಹಾಕೂ ದಿನ ಬಸವನ ಬಾಗೇವಾಡಿಯಿಂದ ಬೀಗರು ಬಂದ್ರು. ತೊಟ್ಟಿಲಾ ಸಿಂಗಾರ ಮಾಡಿ, ಹೆಂಗಸರೆಲ್ಲಾ ಸುತ್ತುಗಟ್ಟಿ ಜೋಗುಳ ಸುರು ಮಾಡಿದ್ರು. ಕೂಸು ಚಿಟಾರನ ಚೀರಿತು. ಜೋಗುಳ ಏರಿಸಿದ್ರು, ಅದೂ ಏರಿಸ್ತು. ನಾ ಎತ್ತಿಕೊಂಡೆ, ಬೀಗತಿ ಎತ್ತಿಕೊಂಡ್ಲು, ಊಹೂಂ!

ಅಷ್ಟರಾಗ ಪಡಸಾಲ್ಯಾಗಿಂದ ಭಾಂಡೆ ಉಳ್ಳಾಡಿದ್ವು! ಜೋಗುಳ ಗಪ್ಪ. ಬೀಗತಿ ಎದಿ ಮ್ಯಾಲ ಕೈ ಇಟಗೊಂಡು, "ಅಯ್ಯ! ಯಾರ ಮನ್ಯಾಗ ಜಗಳ ಹತ್ತೇತಿ? ಹೋಗಿ ಬಿಡಸ್ರೆವ್ವಾ!" ಅಂದ್ಲು.

"ಜಗಳ ಅಲ್ರಿ, ನಮ್ಮ ಮಾಮಾ" ಅಂದ್ಲು ನನ್ನ ಮಗಳು.

ಅಷ್ಟರಾಗ ಕೂಸು? ಕೂಸು ಸುಮ್ಮನಾಗಿತ್ತು! ಕಣ್ಣು ಅರಳಿಸಿ ತೊಟ್ಟಿಲಾಗ ಎರಡೂ ಕಾಲು ಝಾಡಿಸಾಕತ್ತಿತ್ತು. ಹುಟ್ಟೂಕಿಂತ ಮೊದಲಿನ ಗುರ್ತು ನೋಡ್ರಿ! ಇದ ವ್ಯಾಳ್ಯಾ ಅಂತ ಸ್ವಾದರತ್ತಿ ಬಗ್ಗಿ ಕೂಸಿನ ಕಿವ್ಯಾಗ ಕುರ್ರ್ ಅಂತ ಹೆಸರು ಹೇಳಿದ್ಲು. (ಹೆಸರು ನಾ ಹೇಳೂದಿಲ್ಲ, ದೃಷ್ಟಿ ಆದೀತು.) ಹೆಸರು ಹೇಳಿದಾಕಿ ಬೆನ್ನಿಗೆ ಎಲ್ಲಾರೂ ಗುದ್ದೂದು ನಮ್ಮ ಪದ್ಧತಿ ಅಲ್ಲೇನು? ಹೆಂಗಸರು ಗುದ್ದೇ ಗುದ್ದಿದ್ರು, ಅದೂ ಡ್ರಮ್ಮಿನ ತಾಳಕ್ಕ! ಬೀಗತಿ ಎಲ್ಲಾರಗಿಂತ ಜೋರು!

ನನ್ನ ತಮ್ಮ ಬಾಗಲದಾಗ ನಿಂತು ನೋಡಿದಾಂವ ಓಡಿ ಹೋಗಿ ಕ್ಯಾಸೆಟ್ಟಿನ ಕವರು ತಂದ. ಅದರ ಮ್ಯಾಲ ಒಂದಿಷ್ಟು ಹರೇದ ಹುಡುಗ ಹುಡುಗೇರು ಕುಣಕೋತ ಒಬ್ಬರ ಬೆನ್ನಿಗೊಬ್ಬರು ಗುದ್ದಾಕತ್ತಾರ. "ನೋಡ್ರಿ ಬೀಗರ, ನನಗ ಇಷ್ಟು ವರ್ಷ ತಿಳಿದಿದ್ದಿಲ್ಲ. ಇವರೂ ಕೂಸಿಗೆ ಹೆಸರಿಡಾಕತ್ತಾರ!"

ಊಟ ಆಗಿ ಬೀಗರು ಬಾಗೇವಾಡಿ ಬಸ್ಸಿಗೆ ಹೋದ್ರು. ಮಗಳು ಒಳಗ ಅಡ್ಡಾದ್ಲು. ಉಳದವರಿಗೆ ಅಂತ ನಾ ಮತ್ತ ನಾಕು ರೊಟ್ಟಿ ಬಡ್ಯಾಕ ಕುಂತೆ. ತಮ್ಮ ಅದ ಕ್ಯಾಸೆಟ್ಟು ತಿರುವಿ ಹಾಕಿ, ತೊಟ್ಟಿಲ ಬಾಜೂಕ ಗ್ವಾಡಿಗೆ ಒರಗಿ ಕುಂತ. ಕಿವಿ ಮಷೀನು ಕಿಸೇದಾಗ ಇತ್ತು. ಟೇಪಿನ ಕಡೆ ನೋಡಲಿಲ್ಲ ಅಂವ, ಕೂಸಿನ ಕಾಲ ನೋಡಾಕತ್ತಿದ್ದ. ಡ್ರಮ್ಮು ಬಿದ್ದಂಗ ಕಾಲು ಬೀಳ್ತಿದ್ವು. ಕಡೀ ಹಾಡು ಬಂತು. ಭಾಂಡೆ ಉಳ್ಳಾಡಿದ್ವು, ಹೆಣ್ಮಗಳು ಒದರಿದ್ಲು, ಆಮ್ಯಾಲ ಎಲ್ಲಾ ಗಪ್ಪ ಆತು. ಕೂಸಿನ ಕಾಲು ಗಾಳ್ಯಾಗ ಹಂಗ ನಿಂತ್ವು.

ನನ್ನ ಕೈನೂ ಹಿಟ್ಟಿನ ಮ್ಯಾಲ ನಿಂತಿತು. ಟೇಪಿನ್ಯಾಗ ಹೆಣ್ಮಗಳು ಖೊಕ್ ಅಂತ ಕೆಮ್ಮಿದ್ಲು.

ತಮ್ಮ ತೊಟ್ಟಿಲಾಗ ಬಗ್ಗಿ, ಮೆಲ್ಲಕ ಅಂದ: "ನೀರು ಕುಡಿ ತಂಗಿ."