ನಾಯಿಯ ಜೊತೆ ಕಲಿತ ಇಂಗ್ಲಿಷಿಗೆ ಮರುಸಂದರ್ಶನ ಕೋರಿ

ಇಂದ:
ದಿವ್ಯಶ್ರೀ ಎನ್., ಬಿ.ಎಸ್ಸಿ.,
ದಿ. ನಂಜಪ್ಪನವರ ಮಗಳು,
ಪುನರ್ವಸತಿ ಬಡಾವಣೆ, ಮಾದಾಪುರ,
ಕೊಡಗು ಜಿಲ್ಲೆ.

ಗೆ:
ಅಧ್ಯಕ್ಷರು,
ಪ್ರತಿಭಾ ವಿದ್ಯಾರ್ಥಿವೇತನ ಸಮಿತಿ
(ಇಂಗ್ಲಿಷ್ ಕಲಿಯುವ ವಿದೇಶಿ ವಿದ್ಯಾರ್ಥಿಗಳ ವಿಭಾಗ),
ಹಾರ್ಲೋಬ್ರಿಜ್ ವಿಶ್ವವಿದ್ಯಾಲಯ.

ವಿಷಯ: ಸಂದರ್ಶಕರಿಗೆ ಅರ್ಜಿದಾರಳು ಆಜ್ಞೆ ಮಾಡಿದಳೆಂಬ ಕಾರಣಕ್ಕೆ ತಿರಸ್ಕೃತವಾದ ವಿದ್ಯಾರ್ಥಿವೇತನದ ಬಗ್ಗೆ ಮೇಲ್ಮನವಿ.

ಉಲ್ಲೇಖ: 1) ತಮ್ಮ ತಿರಸ್ಕಾರ ಪತ್ರ.
2) ತಮ್ಮ ನಿಯಮಾವಳಿಯ ಕೊನೆಯ ಪುಟ. (ಮೇಲ್ಮನವಿಯನ್ನು ಮಾತೃಭಾಷೆಯಲ್ಲಿ ಬರೆಯಬಹುದು; ಅನುವಾದದ ಖರ್ಚು ವಿಶ್ವವಿದ್ಯಾಲಯದ್ದು.)

ಮಾನ್ಯರೇ,

ಅರ್ಜಿದಾರಳಿಗೆ ತಮ್ಮ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನ ವಿಭಾಗದಲ್ಲಿ ಎಂ.ಎಸ್ಸಿ. ಸೀಟು ದೊರೆತಿರುತ್ತದೆ. ಅದಕ್ಕೆ ಮೊದಲು ತಮ್ಮಲ್ಲಿಯೇ ಆರು ತಿಂಗಳ ಇಂಗ್ಲಿಷ್ ಕೋರ್ಸು ಮುಗಿಸಬೇಕೆಂಬ ಷರತ್ತು ಇರುತ್ತದೆ. ಅದರ ಶುಲ್ಕ ಕಟ್ಟುವ ಶಕ್ತಿ ಆಕೆಗೆ ಇರುವುದಿಲ್ಲ. ಆದಕಾರಣ, ವಿದ್ಯಾರ್ಥಿವೇತನ ಇಲ್ಲದಿದ್ದರೆ ಕೋರ್ಸು ಇಲ್ಲ, ಕೋರ್ಸು ಇಲ್ಲದಿದ್ದರೆ ಸೀಟು ಇಲ್ಲ. ಆದ್ದರಿಂದ ಈ ಕೆಳಗಿನ ಅಂಶಗಳನ್ನು ತಾಳ್ಮೆಯಿಂದ ಓದಬೇಕಾಗಿ ಕೋರಿಕೆ.

1. ಇಂಗ್ಲಿಷ್ ಬಾರದವರಿಗೆ ಕಲಿಸಲೆಂದು ಇರುವ ವೇತನವನ್ನು ಇಂಗ್ಲಿಷ್ ಚೆನ್ನಾಗಿ ಮಾತಾಡುವವರಿಗೆ ಕೊಡುವ ಪದ್ಧತಿಯ ಬಗ್ಗೆ ಅರ್ಜಿದಾರಳ ತಕರಾರು ಏನೂ ಇಲ್ಲ. ಅದಕ್ಕೆ ಪ್ರತಿಭೆ ಎಂದು ಹೆಸರು ಎಂಬುದನ್ನು ಆಕೆ ಬಲ್ಲಳು.

2. ಲಿಖಿತ ಪರೀಕ್ಷೆಯಲ್ಲಿ ಆಕೆಗೆ ಒಳ್ಳೆಯ ಅಂಕ ಬಂದಿದೆ. ಬರೆಯುವುದು ಕೈ, ಕೈಗೆ ಕಾಲೇಜು ಕಲಿಸಿದೆ. ನಾಲಿಗೆಗೆ ಕಲಿಸಿದ್ದು ಜಾಕಿ.

3. ಜಾಕಿ ಎಂಬುದು, ಅರ್ಜಿದಾರಳು ರೈಟರ್ ಆಗಿರುವ, ಅಂದರೆ ಆಳುಗಳ ಹಾಜರಿ ಬರೆಯುವ, ಕಾಫಿ ಎಸ್ಟೇಟಿನ ಬಂಗಲೆಯ ನಾಯಿ. ಸಾಹುಕಾರರು ಆಳುಗಳ ಜೊತೆ ಕನ್ನಡದಲ್ಲೂ ನಾಯಿಯ ಜೊತೆ ಇಂಗ್ಲಿಷಿನಲ್ಲೂ ಮಾತಾಡುವವರು. ಅವರು ಮೈಸೂರಿಗೆ ಹೋಗಿ ನೆಲೆಸಿದ ಮೇಲೆ ನಾಯಿ ಇಲ್ಲಿಯೇ ಉಳಿಯಿತು. ಅದಕ್ಕೆ ಕನ್ನಡ ಬರುವುದಿಲ್ಲ. ‘ಬಾರೋ’ ಎಂದರೆ ಆಕಾಶ ನೋಡುತ್ತದೆ. ಆದಕಾರಣ, ಅದರೊಡನೆ ಎಸ್ಟೇಟಿನವರೆಲ್ಲ ಇಂಗ್ಲಿಷನ್ನೇ ಬಳಸುತ್ತಾರೆ. ಕಣದಲ್ಲಿ ಕಾಫಿ ಒಣಗಿಸುವ ಅರ್ಜಿದಾರಳ ತಾಯಿ ಶಕುಂತಲಮ್ಮನವರು ಕೂಡ ‘ಕಮ್ಮು, ಗೋವು, ಸಿಟ್ಟು’ ಎಂಬ ಮೂರು ಮಾತಿನಲ್ಲಿ ಅದನ್ನು ಸಂಭಾಳಿಸುತ್ತಾರೆ. ಅರ್ಜಿದಾರಳು ದಿನವೂ ಜಾಕಿಯೊಡನೆ ಇಂಗ್ಲಿಷ್ ಅಭ್ಯಾಸ ಮಾಡಿದಳು. ಜಾಕಿ ಒಮ್ಮೆಯೂ ತಪ್ಪು ಹಿಡಿಯಲಿಲ್ಲ. ಉತ್ತರವನ್ನೂ ಕೊಡಲಿಲ್ಲ.

4. ಬಡಾವಣೆಯಲ್ಲಿ ನೆಟ್‌ವರ್ಕ್ ಸಿಗದ ಕಾರಣ, ಕಣದಲ್ಲಿ ಸಿಗುವ ಕಾರಣ, ವಿಡಿಯೋ ಸಂದರ್ಶನಕ್ಕೆ ಆಕೆ ಕಣದ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಳು. ಸಂದರ್ಶಕರು ತೆರೆಯ ಮೇಲೆ ಬಂದು ನಮಸ್ಕಾರ ಹೇಳುವ ಹೊತ್ತಿಗೆ ಸರಿಯಾಗಿ, ಜಾಕಿ ಬಂದು ಹರವಿದ ಕಾಫಿಯ ಮೇಲೆ ಮಲಗಿತು. ‘ಗೆಟ್ ಅಪ್!’ ಎಂದು ಆಕೆ ಕೂಗಿದಳು. ಸಂದರ್ಶಕರು ಎದ್ದು ನಿಂತರು. ಆಕೆ ಗಾಬರಿಯಿಂದ ‘ನೋ, ನೋ, ಸಿಟ್!’ ಎಂದಳು. ಸಂದರ್ಶಕರು ಕುಳಿತರು. ‘ಗುಡ್’ ಎಂಬುದು ಅಭ್ಯಾಸಬಲದಿಂದ ಬಂದ ಮಾತು. ಜಾಕಿ ಮಲಗಿಯೇ ಇತ್ತು.

ಇದನ್ನೆಲ್ಲ ಪಕ್ಕದಲ್ಲೇ ನಿಂತು ನೋಡುತ್ತಿದ್ದ ಶಕುಂತಲಮ್ಮನವರು, “ಎಷ್ಟ್ ಮರ್ವಾದಸ್ತರವ್ವ ಪಾಪ! ಏಳು ಅಂದ್ರೆ ಎದ್ರು, ಕೂತ್ಕೊ ಅಂದ್ರೆ ಕೂತ್ರು. ಈ ಮುಂಡೇದ್ಕೆ ಹೇಳಿ ಹೇಳಿ ನನ್ ಬಾಯಿ ಬಿದ್ದೋಯ್ತು” ಎಂದರು.

“ಅಮ್ಮಾ, ಸುಮ್ನಿರೇ, ಅವ್ರಿಗೆ ಕೇಳುಸ್ತದೆ.”

“ಕೇಳುಸ್ಲಿ ಬಿಡು. ಜಾಕಿಗೇ ಕನ್ನಡ ಬರಾಕಿಲ್ಲ, ಇನ್ನು ಅವ್ರಿಗೆ ಬತ್ತದಾ?”

ಇಷ್ಟರವರೆಗಿನ ಆಜ್ಞೆಗಳನ್ನು ಅರ್ಜಿದಾರಳು ಒಪ್ಪಿಕೊಳ್ಳುತ್ತಾಳೆ.

5. ನಂತರ ಸಂದರ್ಶಕರು, ಮಣ್ಣನ್ನೇ ಏಕೆ ಓದಬೇಕೆಂದಿದ್ದೀರಿ ಎಂದು ಕೇಳಿದರು. ಅರ್ಜಿದಾರಳನ್ನು ಇಂಗ್ಲಿಷಿನಲ್ಲಿ ಯಾರಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು. ಉತ್ತರ ಆಕೆಗೆ ಗೊತ್ತಿತ್ತು. ಬರೆಯಲು ಹೇಳಿದ್ದರೆ ಎರಡು ಪುಟ ಬರೆಯುತ್ತಿದ್ದಳು. ಸಂದರ್ಶಕರು ಕಾಯುತ್ತಿದ್ದರು. ನಾಲಿಗೆ ತನ್ನಲ್ಲಿ ಇದ್ದದ್ದನ್ನು ಕೊಟ್ಟಿತು:

‘ಹಿಲ್ ಕಮ್. ಹೌಸ್ ಗೋ. ಫಾದರ್ ಸ್ಟೇ.’

ಅರ್ಜಿದಾರಳು ಸಂದರ್ಶಕರಿಗೆ, ಒಂದು ಗುಡ್ಡಕ್ಕೆ, ಒಂದು ಮನೆಗೆ ಮತ್ತು ಸ್ವಂತ ತಂದೆಗೆ ಆಜ್ಞೆ ಮಾಡಿರುತ್ತಾಳೆ, ಇಂಥ ಸ್ವಭಾವದವರು ಹಾಸ್ಟೆಲಿನಲ್ಲಿ ಇತರರೊಡನೆ ಹೊಂದಿಕೊಳ್ಳುವುದು ಕಷ್ಟ ಎಂದು ತಮ್ಮ ಪತ್ರದಲ್ಲಿ ಕಾಣಿಸಲಾಗಿದೆ.

6. ಈ ಬಗ್ಗೆ ಸ್ಪಷ್ಟೀಕರಣ: ಅವು ಆಜ್ಞೆಗಳಲ್ಲ. ನಿನ್ನೆ ಏನಾಯಿತೆಂದು ನಾಯಿಗೆ ಯಾರೂ ಹೇಳುವುದಿಲ್ಲ. ಆದಕಾರಣ, ಅರ್ಜಿದಾರಳ ಮಾತಿನ ಇಂಗ್ಲಿಷಿನಲ್ಲಿ ಭೂತಕಾಲ ಇಲ್ಲ. ಕನ್ನಡದಲ್ಲಿ ಇದೆ, ಅದರಲ್ಲಿ ಹೇಳುವುದಾದರೆ, 2018ರ ಆಗಸ್ಟಿನಲ್ಲಿ ಮನೆಯ ಹಿಂದಿನ ಗುಡ್ಡ ಬಂತು. ಮನೆ ಹೋಯಿತು. ನಂಜಪ್ಪನವರು ಹೆಂಡತಿಯನ್ನೂ ಮಗಳನ್ನೂ ಮೇಲಿನ ರಸ್ತೆಗೆ ಹತ್ತಿಸಿ, “ನೀವು ನಡೀರಿ, ದನ ಬಿಚ್ಚಿ ಬತ್ತೀನಿ” ಎಂದು ಕೊಟ್ಟಿಗೆಗೆ ಹಿಂತಿರುಗಿದರು. ದನಗಳು ಬಂದವು. ಅವರು ಅಲ್ಲಿಯೇ ಉಳಿದರು.

ಅಂದಿನ ಮಳೆಗೆ ಆ ಗುಡ್ಡದ ಮಣ್ಣು ಬಂಡೆಯನ್ನು ಬಿಟ್ಟು ಜಾರಿತು. ಪಕ್ಕದ ಗುಡ್ಡದ ಮಣ್ಣು ಅದೇ ಮಳೆಗೆ ಜಾರಲಿಲ್ಲ. ಏಕೆ ಎಂದು ತಿಳಿಯುವುದು ಅರ್ಜಿದಾರಳ ಉದ್ದೇಶ. ಪಕ್ಕದ ಗುಡ್ಡದ ಕೆಳಗೆ ಈಗಲೂ ಜನ ವಾಸವಿದ್ದಾರೆ.

7. ಸಂದರ್ಶನ ಮುಗಿದ ಕೂಡಲೇ ತಾಯಿ ಮಗಳ ನಡುವೆ ನಡೆದ ಮಾತುಕತೆಯನ್ನೂ ಸಮಿತಿಯ ಗಮನಕ್ಕೆ ತರುವುದು ಸೂಕ್ತ.

“ಅಪ್ಪನ್ ವಿಷ್ಯ ಹೇಳ್ದೇನೇ?”

“ಹೇಳ್ದೆ.”

“ಇಂಗ್ಲೀಷಲ್ಲಾ?”

“ಹ್ಞೂಂ.”

“ಏನಂದ್ರು?”

“ಬರ್ಕಂಡ್ರು.”

“ಬರ್ಕಂಡ್ರಲ್ಲ, ಅಷ್ಟ್ ಸಾಕು ಬಿಡು,” ಎಂದು ಶಕುಂತಲಮ್ಮನವರು ಸೆರಗಿನಿಂದ ಮುಖ ಒರೆಸಿಕೊಂಡು ಕಾಫಿ ಕೈಯಾಡಿಸಲು ಹೋದರು. ಗಂಡನ ವಿಷಯ ಈಗ ಹೊರದೇಶದ ಕಡತದಲ್ಲಿ ಇದೆ ಎಂದು ಅವರು ಅಂದಿನಿಂದ ಬಡಾವಣೆಯವರಿಗೆಲ್ಲ ಹೇಳುತ್ತಾ ಬಂದಿದ್ದಾರೆ. ತಮ್ಮ ತಿರಸ್ಕಾರ ಪತ್ರವನ್ನು ಅವರಿಗೆ ಇನ್ನೂ ಓದಿ ಹೇಳಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಅರ್ಜಿದಾರಳಿಗೆ ಮತ್ತೊಂದು ಸಂದರ್ಶನ ನೀಡಬೇಕಾಗಿ ಪ್ರಾರ್ಥನೆ. ಅಂದು ಜಾಕಿಯನ್ನು ಕಟ್ಟಿಹಾಕಲಾಗುವುದು. ಸಂದರ್ಶಕರು ಅದೇ ಮಹನೀಯರಾದರೂ ಅಭ್ಯಂತರವಿಲ್ಲ. ಏನೇ ಕೇಳಿಸಿದರೂ ಏಳಬಾರದೆಂದು ಅವರಿಗೆ ಮೊದಲೇ ತಿಳಿಸಬಹುದು. ಆರು ತಿಂಗಳ ಕೋರ್ಸನ್ನು ಪೂರ್ತಿಯಾಗಿ ಮಂಜೂರು ಮಾಡಲು ಅನುದಾನದ ಕೊರತೆ ಇದ್ದಲ್ಲಿ, ಭೂತಕಾಲ ಕಲಿಸುವ ವಾರಗಳಿಗೆ ಮಾತ್ರ ಮಂಜೂರು ಮಾಡಿದರೂ ಸರಿ. ಭವಿಷ್ಯತ್ಕಾಲವನ್ನು ಆಕೆ ಸ್ವಂತ ಖರ್ಚಿನಲ್ಲಿ ಕಲಿಯುವಳು.

ಯಾರಿಗೂ ಆಜ್ಞೆ ಮಾಡದ, ತಮ್ಮ ವಿಶ್ವಾಸಿ,
ದಿವ್ಯಶ್ರೀ ಎನ್.

ಅಡಕಗಳು:
1. ಬಿ.ಎಸ್ಸಿ. ಅಂಕಪಟ್ಟಿ.
2. ಗುಡ್ಡ ಮೊದಲು ಇದ್ದ ಜಾಗದ ಫೋಟೋ. ಈಗ ಇರುವ ಜಾಗದ ಫೋಟೋ.
3. ಜಾಕಿಯ ಫೋಟೋ (ಸಂದರ್ಶಕರು ಗುರುತಿಸುವ ಸಲುವಾಗಿ).
4. ನಂಜಪ್ಪನವರ ಮರಣ ಪ್ರಮಾಣಪತ್ರ.

ವಿಶೇಷ ಸೂಚನೆ: ಮರುಸಂದರ್ಶನ ಸಾಧ್ಯವಿಲ್ಲವೆಂದು ಸಮಿತಿ ತೀರ್ಮಾನಿಸಿದಲ್ಲಿ, ತಮ್ಮ ಕಡತದಲ್ಲಿ ‘ಫಾದರ್ ಸ್ಟೇ’ ಎಂದು ದಾಖಲಾಗಿರುವ ಕಡೆ ಕೊನೆಯಲ್ಲಿ ಇ, ಡಿ ಎಂಬ ಎರಡು ಅಕ್ಷರಗಳನ್ನಾದರೂ ಸೇರಿಸಿ, ತಿದ್ದಿದ ಪುಟದ ಒಂದು ಪ್ರತಿಯನ್ನು ಶಕುಂತಲಮ್ಮನವರ ಹೆಸರಿಗೆ ಕಳುಹಿಸಬೇಕಾಗಿ ವಿನಂತಿ.