ಪಲ್ಪರ್ ತೊಟ್ಟಿಯಲ್ಲಿ ನಮ್ಮ ಯಜಮಾನರು

ಮನೆಯಲ್ಲಿ ಒಬ್ಬರಿಗೆ ಡಾಕ್ಟರು ತೂಕ ಇಳಿಸಿ ಎಂದರೆ ಮೊದಲು ಇಳಿಯುವುದು ಉಳಿದವರ ನೆಮ್ಮದಿ. ನಮ್ಮ ಯಜಮಾನರು ಅನ್ನ ಬಿಡಲಿಲ್ಲ, ನಡೆಯಲೂ ಇಲ್ಲ, ಮೊಬೈಲ್ ನೋಡಿದರು. ಮೊದಲನೆಯದು ಬಿಸಿಲಿನ ಪ್ರಯೋಗ. ಕಾಫಿ ಒಣಗಿಸುವ ಕಣದಲ್ಲಿ ಮಟಮಟ ಮಧ್ಯಾಹ್ನ ಜರ್ಕಿನ್ ತೊಟ್ಟು ಓಡಾಡಿದರು. ಚೀಲ ತೂಗುವ ತಕ್ಕಡಿ ಹತ್ತಿ, "ನೋಡೇ, ಇಳಿದೈತೆ!" ಎಂದು ಕುಣಿದರು. ಅದು ಬೆವರು ರೀ, ಕೊಬ್ಬಲ್ಲ, ಎಂದೆ. ಬಿ.ಎಸ್ಸಿ. ಓದಿದ್ದಕ್ಕೆ ಅಷ್ಟಾದರೂ ಹೇಳಬೇಕಲ್ಲ. ಒಂದು ಚೊಂಬು ಮಜ್ಜಿಗೆ ಕುಡಿದು ಮತ್ತೆ ಹತ್ತಿದರು. ತಕ್ಕಡಿ ನನ್ನ ಪಕ್ಷ ಸೇರಿತು.

ಆಮೇಲೆ ಚಳಿ. ಚಳಿಯಲ್ಲಿ ಬೆಚ್ಚಗಿರಲು ಮೈ ತನ್ನೊಳಗಿನದನ್ನೇ ಉರಿಸುತ್ತದೆ, ನಡುಗಿದರೆ ಇನ್ನಷ್ಟು ಉರಿಸುತ್ತದೆ. ಇದು ಸುಳ್ಳಲ್ಲ. ಆದರೆ ಹೆತ್ತೂರಿನ ಜನವರಿಯ ಬೆಳಗ್ಗೆ, ಕಾಫಿ ಬೀಜ ತೊಳೆಯುವ ಪಲ್ಪರ್ ತೊಟ್ಟಿಗೆ ಹಳ್ಳದ ನೀರು ತುಂಬಿಕೊಂಡು ಕುತ್ತಿಗೆಯವರೆಗೆ ಮುಳುಗಿ ಕೂರಿ ಎಂದು ಯಾವ ಮೊಬೈಲೂ ಹೇಳಿರಲಾರದು. ನಾನು ಹುಡುಕಿಕೊಂಡು ಹೋದಾಗ ಅವರ ಹಲ್ಲು ಕಟಕಟ ಎನ್ನುತ್ತಿತ್ತು.

"ಏಳ್ರೀ ಮೇಲೆ!"

"ಸುಮ್ಕಿರೇ. ನಡುಗಿದಷ್ಟೂ ಕ...ಕರಗ್ತದೆ."

ಬೈಯುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. "ಈಗ ಚಳೀನೇ ಇಲ್ಲ ಕಣೇ, ಬೆಚ್ಚಗೈತೆ" ಎಂದು ನಕ್ಕರು. ತುಟಿ ನೇರಳೆಯಾಗಿತ್ತು, ಮಾತು ತೊದಲುತ್ತಿತ್ತು. ಆ ನಗು ಈಗಲೂ ಕಣ್ಣ ಮುಂದಿದೆ. ಮೈ ಸೋತು ಉರಿಸುವುದನ್ನೇ ಬಿಟ್ಟಿದೆ, ಇನ್ನು ನಿದ್ದೆ ಬಂದರೆ ಮುಗಿಯಿತು ಎಂದು ನನಗೆ ಗೊತ್ತಾಯಿತು. ಕೈ ಹಿಡಿದು ಎಳೆದೆ. ಬೀಜದ ಲೋಳೆ ಅಂಟಿದ ಗೋಡೆಗೆ ಜಾರಿ ಮತ್ತೆ ನೀರಿಗೇ ಹೋದರು. ತೊಟ್ಟಿಯ ಬಿರಡೆ ಕಿತ್ತು, ಪಕ್ಕದ ಮನೆಯ ಮೈದುನ ರವಿಯನ್ನು ಕೂಗಿದೆ.

"ಅತ್ತಿಗೆ, ನೀವು ಕಾಲು ಹಿಡ್ಕಳಿ. ಅಣ್ಣಾ, ನಿಂಗೇನ್ ಹುಚ್ಚಾ ಮಾರಾಯ?"

ಇಬ್ಬರೂ ಸೇರಿ ಎತ್ತಿ, ಒದ್ದೆ ಬಟ್ಟೆ ಬಿಚ್ಚಿ ಕಂಬಳಿ ಸುತ್ತಿದೆವು. ಅವರು ಮತ್ತೆ ಗಡಗಡ ನಡುಗಲು ಶುರುಮಾಡಿದಾಗ ನನಗೆ ಸಂತೋಷಕ್ಕೆ ಅಳು ಬಂತು. ರವಿ ಬೆವರು ಒರೆಸಿಕೊಂಡು, "ಅಣ್ಣನ್ನ ತೊಳೆದಾಯ್ತು ಅತ್ತಿಗೆ, ಇನ್ನು ಕಣದಲ್ಲಿ ಹರಡಿ ಒಣಗ್ಸೋದೊಂದು ಬಾಕಿ" ಎಂದು ಜೀಪು ತರಲು ಓಡಿದ. ಸಕಲೇಶಪುರದ ಆಸ್ಪತ್ರೆಯಲ್ಲಿ ಬೈಸಿಕೊಂಡು ಮನೆಗೆ ಬಂದವರು, ಚಳಿಗೆ ಹಸಿವು ಜಾಸ್ತಿ ಎಂದು ಅಕ್ಕಿರೊಟ್ಟಿಯ ಮೇಲೆ ಅಕ್ಕಿರೊಟ್ಟಿ ತಿಂದರು. ಈಗ ಮೊದಲಿಗಿಂತ ದುಂಡಗಿದ್ದಾರೆ.

ನಾನು ಮಾತ್ರ, ಬಚ್ಚಲಲ್ಲಿ ನೀರು ಬೀಳುವ ಸದ್ದಾದರೂ ನಡುಗುತ್ತೇನೆ. ಅವರು ಸ್ನಾನ ಮುಗಿಸಿ ಬರುವವರೆಗೂ ತುತ್ತು ಇಳಿಯುವುದಿಲ್ಲ. ಮೊನ್ನೆ ನನ್ನ ರವಿಕೆಗಳನ್ನೆಲ್ಲ ಬಿಗಿಮಾಡಿ ಹೊಲಿಯುತ್ತಿದ್ದಾಗ ಹತ್ತಿರ ಬಂದು, "ನೀನೆಂಗೆ ಇಳ್ದುಬುಟ್ಟೆ? ನಂಗೂ ಹೇಳ್ಕೊಡೇ" ಎಂದರು. ಹೆದರಿಕೆಯಿಂದ ಎಂದರೆ ಈ ಮನುಷ್ಯ ಇನ್ನು ಹುಲಿ ಹುಡುಕಿಕೊಂಡು ಹೊರಟಾರು ಎನಿಸಿ, "ರಾತ್ರಿ ಊಟ ಬಿಟ್ಟಿದ್ದೀನಿ" ಎಂದು ಸುಳ್ಳು ಹೇಳಿದೆ.