ಕೆಮ್ಮಣ್ಣಿನ ಮುಂದೆ ನನ್ನ ವಾದ

ವಾದದಲ್ಲಿ ಗೆಲ್ಲುವವನಿಂದ ಲೋಕಕ್ಕೆ ಕಾಸಿನ ಪ್ರಯೋಜನವಿಲ್ಲ ಎಂಬುದನ್ನು ನಾನು ಯಾರ ಎದುರಿಗೆ ಬೇಕಾದರೂ ವಾದಿಸಿ ಗೆಲ್ಲಬಲ್ಲೆ. ಬಳ್ಳಾರಿಯಲ್ಲಿ ಓದುತ್ತಿದ್ದಾಗ ಚರ್ಚಾಕೂಟದಲ್ಲಿ ಒಂದು ವಿಷಯ ಇಟ್ಟಿದ್ದರು: ರೋಗಕ್ಕೆ ಮದ್ದು ಕೊಡುವುದಕ್ಕಿಂತ ರೋಗ ಬರದಂತೆ ತಡೆಯುವುದೇ ಮೇಲು. ಒಂದು ವರ್ಷ ಪರವಾಗಿ ಮಾತಾಡಿ ಬಹುಮಾನ ಪಡೆದೆ. ಮರುವರ್ಷ ಅದೇ ವಿಷಯಕ್ಕೆ ವಿರೋಧವಾಗಿ ಮಾತಾಡಿ ಮತ್ತೆ ಪಡೆದೆ. ಸೊಳ್ಳೆಗಳೂ ಚರ್ಚಾಕೂಟಕ್ಕೆ ತಪ್ಪದೆ ಬರುತ್ತಿದ್ದವು. ಆದರೆ ನಮ್ಮ ಮಾತಿಗೆ ಕಿವಿಗೊಡದೆ, ನಮ್ಮ ಕಿವಿಯ ಹತ್ತಿರವೇ ಬಂದು ತಮ್ಮದನ್ನು ಹೇಳಿ ಹೋಗುತ್ತಿದ್ದವು.

ಈ ನಾಲಗೆಯನ್ನು ನೋಡಿಯೇ ಇರಬೇಕು, ಸರಕಾರದವರು ನನ್ನನ್ನು ಮಲೇರಿಯಾ ಪ್ರಚಾರಕ್ಕೆ ಹಂಗಾಮಿಯಾಗಿ ತೆಗೆದುಕೊಂಡು ಸಿರುಗುಪ್ಪಕ್ಕೆ ಕಳಿಸಿದರು. ಅಲ್ಲಿ ನನ್ನ ಅಕ್ಕನ ಮನೆಯಿತ್ತು. ಭಾವ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಹಿತ್ತಿಲಿನಾಚೆ ಕಾಲುವೆ, ಕಾಲುವೆಯಾಚೆ ಭತ್ತದ ಗದ್ದೆ, ಈಚೆಗೆಲ್ಲ ಸೊಳ್ಳೆ. ಹಿಂದಿನ ಮಳೆಗಾಲದಿಂದ ಚಳಿಜ್ವರ ಅಕ್ಕನನ್ನು ಬಿಟ್ಟುಬಿಟ್ಟು ಹಿಡಿಯುತ್ತಿತ್ತು. ಪಕ್ಕೆಯಲ್ಲಿ ಜ್ವರಗಡ್ಡೆ ಕೈಗೆ ಸಿಗುವಷ್ಟು ಬೆಳೆದಿತ್ತು, ಮುಖ ಹಳೆಯ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನೊಂದ್ಸಲ ಜೋರು ಬಂತಂದ್ರ ಈ ಮೈ ತಡಿಯಂಗಿಲ್ಲ ನೋಡ್ರಿ" ಎಂದಿದ್ದರು. ಹಾಗಾಗಿ ಡಿ.ಡಿ.ಟಿ. ಹೊಡೆಯುವವರು ಪಂಪು ಹೊತ್ತು ಬಂದಾಗ ಮೊದಲು ಅವರನ್ನು ಕರೆದೊಯ್ದದ್ದು ಅಕ್ಕನ ಮನೆಗೇ. ಗೋಡೆಯ ತುಂಬ ಸೋರಿಳಿದ ಬಿಳಿ ಕಲೆ. ರಕ್ತ ಕುಡಿದ ಸೊಳ್ಳೆ ಆ ಕಲೆಯ ಮೇಲೆ ಕೂತರೆ ಸಾಯುತ್ತದೆ, ಅದನ್ನು ಮುಟ್ಟಬೇಡಿ. ಇಷ್ಟು ಹೇಳಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ಬಹುಮಾನ ಪಡೆದ ನಾಲಗೆಗೆ ಅಷ್ಟು ಚಿಕ್ಕ ಮಾತು ಹಿಡಿಸುವುದಿಲ್ಲ.

ಅದೇ ಸಂಜೆ ಓಣಿಯ ಕಟ್ಟೆಯ ಮೇಲೆ ನಿಂತು ನೈರ್ಮಲ್ಯದ ಬಗ್ಗೆ ಭಾಷಣ ಮಾಡಿದೆ. ಗಾಳಿ, ಬೆಳಕು, ಬಚ್ಚಲು, ತಿಪ್ಪೆ ಎಲ್ಲ ಮುಗಿದ ಮೇಲೆ, ಭಾಷಣಕ್ಕೊಂದು ಕಳಸವಿರಲೆಂದು, "ಕಲೆ ಬಿದ್ದ ಗೋಡೆಯ ಮನೆಗೆ ರೋಗ ಕರೆಯದೆಯೇ ಬರುತ್ತದೆ!" ಎಂದು ಗುಡುಗಿದೆ. ಚಪ್ಪಾಳೆ ಬಿತ್ತು. ಹೆಂಗಸರು ಸೆರಗಿನ ಮರೆಯಿಂದ ತಲೆದೂಗಿದರು. ಭಾಷಣಕ್ಕೆ ಯಾರಾದರೂ ತಲೆದೂಗಿದರೆ ಇವತ್ತಿಗೂ ನನ್ನ ಎದೆ ಝಲ್ಲೆನ್ನುತ್ತದೆ.

ಕುರುಗೋಡಿನ ಪ್ರಚಾರ ಮುಗಿಸಿ ತಿರುಗಿ ಬಂದಾಗ ಅಕ್ಕನ ಮನೆ ಮದುವೆಗೆ ಸಿದ್ಧವಾದಂತಿತ್ತು. ಸಗಣಿ, ಕೆಮ್ಮಣ್ಣು ಕಲಸಿ ಗೋಡೆಯನ್ನೆಲ್ಲ ನುಣ್ಣಗೆ ಸಾರಿಸಿ, ಅಂಚಿಗೆ ಸುಣ್ಣದ ಎಳೆ ಬೇರೆ ಎಳೆದಿದ್ದಳು. ಔಷಧಿ ಮಣ್ಣಿನಡಿ ಸುಖವಾಗಿ ಮಲಗಿತ್ತು.

"ನೋಡಲೇ ತಮ್ಮಾ, ಗೋಡಿ ಹೆಂಗ ಮಿಂಚಾಕ ಹತ್ಯಾವ!"

"ಅಕ್ಕಾ, ಆ ಬಿಳೀದು ಔಷಧಿ ಇತ್ತಲ್ಲಬೇ!"

"ಇದ್ರ ಇರಲಿ. ಕಲಿ ಬಿದ್ದ ಗೋಡಿ ಇದ್ರ ಜಡ್ಡು ಬರತೈತಿ ಅಂತ ಕಟ್ಟಿ ಮ್ಯಾಲ ನಿಂತು ಒದರಿದಾಂವ ಯಾರು? ನಾನೇನು?"

"ಅದು ಬ್ಯಾರೆ ಕಲಿ."

"ಕಲಿಯೊಳಗೂ ಜಾತಿ ಅದಾವೇನಲೇ?"

"ಜಡ್ಡಿನ ಮೈಯಾಗ ಇದನ್ನೆಲ್ಲ ಮಾಡಾಕ ಯಾಕ ಹೋದಿ?"

"ನಿನ್ನ ಮಾನ ಉಳಸಾಕ. ಊರಿಗೆಲ್ಲ ಹೇಳ್ತಾನ, ಇವನ ಅಕ್ಕನ ಮನಿ ಗೋಡಿ ನೋಡ್ರಿ ಅಂತ ನಾಕು ಮಂದಿ ನಗಬಾರ್ದಲ್ಲ!"

ಹೊರಗೆ ಬಂದು ನೋಡಿದರೆ ಓಣಿಗೆ ಓಣಿಯೇ ಕೆಂಪಗಿತ್ತು. ಪ್ರಚಾರಕನ ಅಕ್ಕನೇ ಸಾರಿಸಿದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ನನ್ನ ಮಾತನ್ನು ಜನ ಚಾಚೂ ತಪ್ಪದೆ ನಡೆಸಿಕೊಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ. ಪಂಪಿನವರ ಬೆನ್ನು ಹತ್ತಿ ಇನ್ನೊಮ್ಮೆ ಹೊಡೆಯಿರೆಂದು ಗೋಗರೆದೆ. "ನಿಮ್ಮೂರ ಸರದಿ ಮುಗೀತ್ರೀ. ಇನ್ನೇನಿದ್ರೂ ಬರೋ ವರ್ಷ" ಎಂದು ಅವರು ತೆಕ್ಕಲಕೋಟೆಯ ಬಸ್ಸು ಹತ್ತಿದರು. ಸೊಳ್ಳೆಗಳಿಗೆ ಸರದಿಯ ಹಂಗಿರಲಿಲ್ಲ.

ಭತ್ತ ತೆನೆಗಟ್ಟುವ ಹೊತ್ತಿಗೆ ಜ್ವರ ಬಂತು. ಡಾಕ್ಟರು ಹೆದರಿದ್ದಂತೆ ಜೋರಾಗಿಯೇ ಬಂತು. ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹೊದಿಸಿದರೂ ಅಕ್ಕನ ನಡುಕ ನಿಲ್ಲದೆ ಭಾವ, ನಾನು ಕೌದಿಯ ಎರಡಂಚು ಅದುಮಿ ಹಿಡಿದು ಕೂತೆವು. ಆ ನುಣುಪಾದ ಗೋಡೆಯ ಮೇಲೆ ಹೊಟ್ಟೆ ತುಂಬಿದ ಸೊಳ್ಳೆಗಳು ಸಾಲಾಗಿ ಕೂತಿದ್ದವು, ಸಭಿಕರ ಹಾಗೆ. ಕೊನೆಗೆ ಅಕ್ಕನನ್ನು ಉಳಿಸಿದ್ದು ಕ್ವಿನೈನು. ಅಂದರೆ, ವಿರೋಧವಾಗಿ ಮಾತಾಡಿದ ವರ್ಷ ನಾನು ಹೇಳಿದ್ದೇ ನಿಜವಾಯಿತೆಂದು ಹಿಗ್ಗಬಹುದಿತ್ತು. ಆದರೆ ಅಷ್ಟು ಕ್ವಿನೈನು ನುಂಗಿದ್ದಕ್ಕೆ ಅವಳ ಕಿವಿ ಮಂದವಾಗಿ, ಮತ್ತೆ ಸರಿಹೋಗಲೇ ಇಲ್ಲ. ಗೋಡೆ ಸಾರಿಸಬೇಡವೆಂದು ಈಗ ಎಷ್ಟು ಚಿಕ್ಕದಾಗಿ, ಸ್ಪಷ್ಟವಾಗಿ ಹೇಳಿದರೂ ಅವಳಿಗೆ ಕೇಳಿಸುವುದಿಲ್ಲ.

ಆಮೇಲೆ ನನ್ನ ಸರದಿ. ಅದೇ ಕೌದಿಗಳಡಿ ಮುದುಡಿಕೊಂಡು ನಾನು ಮಲಗಿದ್ದೆ. ಅಕ್ಕ ಗಂಜಿ ಹಿಡಿದು ಬಂದು, ನನ್ನ ಬಾಯನ್ನೇ ಸ್ವಲ್ಪ ಹೊತ್ತು ನೋಡಿ ಅಂದಳು:

"ಸಾಕು ಬಿಡೋ ತಮ್ಮಾ. ಜ್ವರದಾಗೂ ವಾದ ಮಾಡ್ತಿ?"

ನಾನು ವಾದ ಮಾಡುತ್ತಿರಲಿಲ್ಲ. ಹಲ್ಲು ಕಟಕಟಿಸುತ್ತಿದ್ದವು.